ಹನ್ನೊಂದು ಸೆಕೆಂಡಿನ ಡಬ್ಬಿ

ನಾಶೋ ಬಿಮೋನ ವೃತ್ತಿಜೀವನ ಹೇಗಿತ್ತು ಎಂದು ಕೇಳುತ್ತೀಯ.
ನನಗೆ ಗೊತ್ತಿರುವುದು ಕತ್ತರಿಸಿದ್ದು ಮಾತ್ರ, ಮಗಳೇ.
ಉಳಿದದ್ದನ್ನು ಎಲ್ಲರೂ ನೋಡಿದ್ದಾರೆ.

ಕೊರ್ಚಾದಿಂದ ಬಂದವ. ಎರಡು ಕಾದಂಬರಿ, ಒಂದು ಕೋಟು.
ಟಿರಾನಾದ ಸ್ಟುಡಿಯೋದಲ್ಲಿ ನನ್ನ ಮೇಜಿನ ಹಿಂದೆ ನಿಂತು
ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ.
ಸಿಪ್ಪೆ ಫಿಲಂ ಮೇಲೆ ಉದುರಿದರೆ
'ಥೆಲೆಂಝಾ, ಅದು ಹಿಮ, ಇರಲಿ ಬಿಡು' ಅನ್ನುವನು.
ಬರೆಯುವವನ ಚಟ ಬಿಟ್ಟಿರಲಿಲ್ಲ:
ಪ್ರತಿ ಶಾಟಿನ ಕೊನೆಗೂ
ಒಂದು ಉಸಿರು ಹೆಚ್ಚು ಇಡು, ಒಂದೇ ಒಂದು.

ರೈಲುಹಳಿ ಹಾಕುವ ಚಿತ್ರ ಅದು.
ಬಂಡೆ ಸಿಡಿಯುತ್ತದೆ, ಊರು ಚಪ್ಪಾಳೆ ತಟ್ಟಬೇಕು.
ತಟ್ಟಿತು ಕೂಡ. ಎಡ ಅಂಚಿನಲ್ಲೊಬ್ಬ ಮುದುಕಿ,
ಸಂಭಾವನೆ ಒಂದು ರೊಟ್ಟಿ, ಒಂದು ತುಂಡು ಚೀಸು,
ಸದ್ದಿಗೆ ಬೆಚ್ಚಿದಳು.
ಕೈ ತಾನಾಗಿ ಎದ್ದಿತು: ಹಣೆಗೆ, ಎದೆಗೆ, ಬಲ ಭುಜಕ್ಕೆ,
ಅಲ್ಲಿ ನೆನಪಾಯಿತು ಅವಳಿಗೆ
ದೇವರಿಲ್ಲವೆಂದು ಕಾನೂನಾಗಿರುವುದು.
ಎಡ ಭುಜಕ್ಕೆ ಹೋಗಬೇಕಿದ್ದ ಕೈ
ತಲೆವಸ್ತ್ರದ ಗಂಟು ಸರಿಮಾಡಿಕೊಂಡಿತು.

ಸಮಿತಿ ಮೂರು ಸಲ ತಿರುಗಿಸಿ ನೋಡಿತು.
'ಏನದು?'
'ಗಂಟು ಸರಿಮಾಡಿಕೊಳ್ಳುತ್ತಿದ್ದಾಳೆ' ಅಂದ ನಾಶೋ.
ಅಧ್ಯಕ್ಷರು ನಿಧಾನವಾಗಿ ತಲೆ ಎತ್ತಿ ಇಳಿಸಿದರು.
ಬೇರೆ ದೇಶದಲ್ಲಾದರೆ ಅದು ಹೌದು.

ಹನ್ನೊಂದು ಸೆಕೆಂಡು. ಇನ್ನೂರ ಅರವತ್ತನಾಲ್ಕು ಚೌಕ.
ಕತ್ತರಿಸಿದ್ದು ನಾನೇ. ಇನ್ಯಾರು?
ತುಂಡುಗಳನ್ನೆಲ್ಲ ಒಲೆಗೆ ಹಾಕುವ ಮುನ್ನ ಕರೆಂಟು ಹೋಯಿತು,
ಆ ಕತ್ತಲಲ್ಲಿ ಒಂದು ಸುರುಳಿ ಅಂಗಿಯೊಳಗೆ ತುರುಕಿಕೊಂಡೆ.
ಮನೆಗೆ ಬಂದು ಡಬ್ಬಿಗೆ ಹಾಕಿ
ಮೇಲೆ ಬೀನ್ಸ್ ಕಾಳು ತುಂಬಿದೆ.
ಗಂಡನಿಗೂ ಹೇಳಲಿಲ್ಲ. ಎಷ್ಟು ಹಸಿವಿದ್ದರೂ
ಆ ಕಾಳು ಬೇಯಿಸಲಿಲ್ಲ.

ಅವನನ್ನು ಬುಲ್ಚಿಝದ ಕ್ರೋಮ್ ಗಣಿಗೆ ಕಳಿಸಿದರು.
ಪುಸ್ತಕಗಳು ಗ್ರಂಥಾಲಯದಿಂದ ಇಳಿದವು, ಸದ್ದಿಲ್ಲದೆ,
ಬಸ್ಸಿನಿಂದ ಮುದುಕರು ಇಳಿಯುವಂತೆ.
ತಿರುಗಿ ಬಂದವನು ಬೇರೆಯವರ ಹೆಸರಿನಲ್ಲಿ
ಏಳು ಚಿತ್ರಕ್ಕೆ ಮಾತು ಬರೆದ.
ಒಂದಕ್ಕೆ ಪದಕ ಬಂತು, ಆ ಬೇರೆಯವರಿಗೆ.

ಆಮೇಲೆ ಪ್ರತಿಮೆ ಬಿತ್ತು. ಸ್ಟುಡಿಯೋಗೆ ಬೀಗ ಬಿತ್ತು.
ಎಲ್ಲರೂ ದೂರೆಸ್‌ನಲ್ಲಿ ಹಡಗು ಹತ್ತುವಾಗ ನಾಶೋ ಕೊಂಡದ್ದು
ಯಾರೋ ಬಳಸಿ ಬಿಟ್ಟ ವಿಡಿಯೋ ಕ್ಯಾಮೆರಾ.
ಮದುವೆ ತೆಗೆಯುತ್ತಿದ್ದ. ಜನ ಬೈಯುತ್ತಿದ್ದರು:
ವಧು ಎಲ್ಲಿ? ಕ್ಲಾರಿನೆಟ್ಟಿನವನ ಹಣೆಗೆ
ಮಾವ ನೋಟು ಅಂಟಿಸಿದ್ದೆಲ್ಲಿ?
ಮೂರು ಗಂಟೆ ಟೇಪಿನಲ್ಲಿ ಮುಕ್ಕಾಲು ಪಾಲು ಅಜ್ಜಿಯರ ಕೈ.
ಅರ್ಧ ದುಡ್ಡು ಕೊಟ್ಟು ಸಾಗಹಾಕುತ್ತಿದ್ದರು.
ಅವನ ಅತ್ಯುತ್ತಮ ಕೆಲಸ ಅದೇ, ಬರೆದುಕೋ.
ಯಾರದೋ ಅಲ್ಮೇರಾದಲ್ಲಿ ಬೂಸ್ಟು ಹಿಡಿಯುತ್ತಿರಬೇಕು.

ಎಪ್ಪತ್ತೈದು ತುಂಬಿದ ದಿನ ಡಬ್ಬಿ ಒಯ್ದೆ.
ಅಲ್ಲಿಯವರೆಗೆ ಯಾಕೆ ತೆರೆಯಲಿಲ್ಲ ಎಂದು ಕೇಳಬೇಡ.
ಮುಚ್ಚಳ ತೆಗೆದರೆ ಕೆಟ್ಟ ಉಪ್ಪಿನಕಾಯಿಯ ಹುಳಿ ವಾಸನೆ.
ಕಿಟಕಿಗೆ ಹಿಡಿದು ಇಬ್ಬರೂ ಕಣ್ಣು ಕಿರಿದು ಮಾಡಿದೆವು.
ಮುದುಕಿಯಿಲ್ಲ.
ಕತ್ತಲಲ್ಲಿ ತಪ್ಪು ಸುರುಳಿ ಎತ್ತಿದ್ದೆ.
ಇದ್ದದ್ದು ಒಂದು ಮೇಕೆ, ಹಳಿಯ ಮಧ್ಯೆ,
ಅದನ್ನು ಓಡಿಸಲು ಟೋಪಿ ಬೀಸುತ್ತ ನುಗ್ಗುವ
ಮೂವತ್ತರ ನಾಶೋ, ಕೋಟು ಹಾರುತ್ತ.

ಒಂದು ಮೇಕೆಗಾಗಿ ಅಷ್ಟು ವರ್ಷ
ಮೆಟ್ಟಿಲ ಸದ್ದಿಗೆಲ್ಲ ಎದ್ದು ಕೂತೆನಲ್ಲ, ಅತ್ತುಬಿಟ್ಟೆ.
ಅವನು ನಕ್ಕ, ಕೆಮ್ಮು ಬರುವವರೆಗೆ,
'ನೋಡು, ಒಂದು ಉಸಿರು ಹೆಚ್ಚು ಇಟ್ಟಿದ್ದೀಯ' ಅಂದ.
ಮೇಕೆಯೂ ಅವನೂ ಅಂಚು ದಾಟಿದ ಮೇಲೆ
ಬರೀ ಹಳಿ, ಸ್ವಲ್ಪ ಧೂಳು.

ಕಾಫಿ ಆರಿತು, ಬೇರೆ ಮಾಡಲೇ?
ನಿನ್ನ ಪುಸ್ತಕದಲ್ಲಿ ಅವನಿಗೆ ಎಷ್ಟು ಪುಟ?
ಎರಡೇ?
ಕತ್ತರಿಸುವ ದಿನ ನನಗೊಂದು ಮಾತು ಹೇಳು.